ಒಂದಕ್ಷರ ಬದಲಿಸಿದ ಪಾಕೀಟುಗಳ ಬಗ್ಗೆ ಧಾರವಾಡ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಹಂಗ ಹುಬ್ಬಳ್ಳಿಯ ಹೋಲ್‌ಸೇಲ್ ವ್ಯಾಪಾರಸ್ಥ ಬಂಧುಗಳಿಗೆ,

ನಮಸ್ಕಾರ.

ನಾನು ಕುಂದಗೋಳ ತಾಲೂಕಿನ ಒಂದು ಹಳ್ಳ್ಯಾಗ ಕಿರಾಣಿ ಅಂಗಡಿ ನಡಸ್ತೀನಿ. ನಮ್ಮಪ್ಪ ಹಚ್ಚಿದ ಅಂಗಡಿ, ಈಗ ನಾನು ನೋಡ್ಕೊಂಡು ಹೊಂಟೀನಿ. ನಮ್ಮ ಭಾಗದ ಸಂತಿಗಳೊಳಗ, ಸಣ್ಣ ಸಣ್ಣ ಅಂಗಡಿಗಳೊಳಗ ಹೆಸರುವಾಸಿ ಬ್ರ್ಯಾಂಡಿನಂಗ ಕಾಣೋ, ಹೆಸರಿನಾಗ ಒಂದಕ್ಷರ ಅಷ್ಟೇ ಬದಲಿ ಮಾಡಿರೋ ಚಾಪುಡಿ, ಮಸಾಲಿ, ಬಿಸ್ಕೀಟು, ಸಾಬಾನು, ಕೊಬ್ಬರಿ ಎಣ್ಣಿ ರಾಜಾರೋಷವಾಗಿ ಮಾರಾಟ ಆಗಾಕತ್ತಾವು. ಇದನ್ನ ತಡಿಯೋ ಅಧಿಕಾರ ಜಿಲ್ಲಾಧಿಕಾರಿಗಳ ಕೈಯಾಗ ಐತಿ, ದಯವಿಟ್ಟು ಅದನ್ನ ಬಳಸ್ರಿ ಅಂತ ಕೇಳ್ಕೊಳ್ಳಾಕ ಈ ಪತ್ರ ಬರ್ಯಾಕತ್ತೀನಿ. ಇದರ ಪ್ರತಿ ನಿಮ್ಮ ಆಫೀಸಿಗೂ ಕಳಿಸೀನಿ, ಆದ್ರ ಎಲ್ಲಾರಿಗೂ ಗೊತ್ತಾಗ್ಲಿ ಅಂತ ಇಲ್ಲೂ ಹಾಕೀನಿ, ಯಾಕಂದ್ರ ಇದು ನನ್ನೊಬ್ಬನ ತಕರಾರಲ್ಲ.

ಮೊದಲಿಗೆ ಕಣ್ಣಾರೆ ಕಂಡದ್ದು ಹೇಳ್ತೀನಿ. ಎರಡು ಚಾಪುಡಿ ಪಾಕೀಟು ತಗೊಳ್ರಿ. ಎರಡೂ ಕೆಂಪು ಬಣ್ಣ, ಎರಡರ ಮ್ಯಾಲೂ ಬಲಗಡೆ ಮೂಲ್ಯಾಗ ಹಸರು ಎಲಿ, ಮ್ಯಾಲೆ ಹಳದಿ ಪಟ್ಟಿ, ಹೆಸರು ಬರದಿರೋ ಅಕ್ಷರ ಎರಡರಾಗೂ ಒಂದೇ ನಮೂನಿ ವಾರಿ ಆಗಿ ಅದಾವು. ಒಂದು ಕಂಪನೀದು, ನಲವತ್ತು ಐವತ್ತು ವರ್ಷದಿಂದ ನಮ್ಮ ಮಂದಿ ಕುಡ್ಕೋತ ಬಂದದ್ದು. ಇನ್ನೊಂದರಾಗ ಹೆಸರಿನ ಕಡೀಗೆ ಇಂಗ್ಲಿಷಿನ ಒಂದಕ್ಷರ ಜಾಸ್ತಿ ಐತಿ, ಬಾಯಿಲೆ ಅಂದ್ರ ಎರಡೂ ಒಂದೇ ಕೇಳ್ತಾವು. ಎಂಆರ್‌ಪಿ ಒಂದೇ. ಆದ್ರ ಒಂದರಾಗ 250 ಗ್ರಾಂ, ಇನ್ನೊಂದರಾಗ 200 ಗ್ರಾಂ, ಆ 200 ಅನ್ನೋದು ಹಿಂದ ಅಂಟಿಸಿದ ಮಡಚಿನ ಹತ್ರ ಕಂದು ಬಣ್ಣದ ಮ್ಯಾಲೆ ಕರಿ ಅಕ್ಷರದಾಗ. ತಯಾರು ಮಾಡಿದವರ ವಿಳಾಸಾನೂ ಅಲ್ಲೇ, ಮಡಚಿನೊಳಗ ಅರ್ಧ ಸಿಕ್ಕೊಂಡೈತಿ. ಕಸ್ಟಮರ್ ಕೇರ್ ನಂಬರಿಗೆ ಹಚ್ಚಿದ್ರ ಯಾರೂ ಎತ್ತಂಗಿಲ್ಲ.

ಇನ್ನ ನಮ್ಮ ಗಿರಾಕಿ ಮಾಲು ಹೆಂಗ ಕೇಳ್ತಾರ ಅನ್ನೋದು ನಿಮಗ ಗೊತ್ತಿರ್ಬೇಕು. ಹಳ್ಳ್ಯಾಗ ಬ್ರ್ಯಾಂಡಿನ ಪೂರಾ ಹೆಸರು ಹೇಳಿ ಕೇಳೋರು ಕಡಿಮಿ. "ಕೆಂಪು ಪಾಕೀಟಿಂದು ಕೊಡಪಾ", "ಆ ಹುಡುಗಿ ಚಿತ್ರ ಇರ್ತೈತಲ್ಲ ಅದು", "ನೀಲಿ ಸಾಬಾನ", "ಟಿವಿಯಾಗ ಬರ್ತೈತಲ್ಲ ಅದು ಕೊಡ". ಸಣ್ಣ ಹುಡುಗೂರ ಕೈಯಾಗ ರೊಕ್ಕ ಕೊಟ್ಟು ಕಳಸ್ತಾರ, ಆ ಹುಡುಗ ಬಣ್ಣ ನೋಡಿ ಕೈ ತೋರಸ್ತಾನ. ಇದರಾಗ ಅವರ ತಪ್ಪೇನಿಲ್ಲ. ವರ್ಷಗಟ್ಟಲೆ ಬಳಸಿ, ಇದು ಚಲೋ ಐತಿ ಅಂತ ನಂಬಿಕಿ ಇಟ್ಟು, ಆ ನಂಬಿಕೀನ ಒಂದು ಬಣ್ಣಕ್ಕ, ಒಂದು ಚಿತ್ರಕ್ಕ ಕಟ್ಟಿ ಇಟ್ಕೊಂಡಾರ. ನಕಲಿ ಮಾಡೋನು ಕಳವು ಮಾಡೋದು ಇದನ್ನ.

ಹೋದ ವರ್ಷ ನಮ್ಮ ಓಣಿಯ ಒಬ್ಬಾಕಿ ಆಯಿ ಅಂಗಡಿಗೆ ಬಂದು, "ಈ ಸಲದ ಚಾಪುಡಿ ಬಣ್ಣಾನ ಬಿಡವಲ್ದೋ ತಮ್ಮಾ, ಎಷ್ಟ ಕುದಿಸಿದ್ರೂ ನೀರ ನೀರ, ಕಂಪನಿಯವ್ರು ಹಾಳ ಮಾಡ್ಯಾರ ನೋಡು" ಅಂದ್ಲು. ಪಾಕೀಟು ತರಿಸಿ ನೋಡಿದ್ರ ಸಂತ್ಯಾಗ ತಂದಿದ್ದ ಒಂದಕ್ಷರ ಜಾಸ್ತಿ ಇದ್ದದ್ದು. ಕನ್ನಡಕ ಹಾಕಿಸಿ ಬಟ್ಟು ಹಿಡದು ತೋರಿಸಿದ್ರೂ ಆಕಿಗೆ ಖಾತ್ರಿ ಆಗ್ಲಿಲ್ಲ. "ಅದೇ ಐತಲ್ಲೋ" ಅಂತಾನ ಹೋದ್ಲು. ಈಗ ಹೇಳ್ರಿ, ಆಕಿ ಯಾರಿಗೆ ದೂರು ಕೊಡ್ಬೇಕು? ತನಗ ಮೋಸ ಆಗೈತಿ ಅನ್ನೋದೇ ಆಕಿಗೆ ಗೊತ್ತಿಲ್ಲ. ಸಿಟ್ಟು ಬಂದದ್ದೂ ಖರೇ ಕಂಪನಿ ಮ್ಯಾಲೆ. ನಿಮ್ಮ ಟೇಬಲ್ಲಿಗೆ ಇಂಥಾ ದೂರು ಬಂದಿಲ್ಲ ಅಂದ್ರ ಜಿಲ್ಲಾದಾಗ ಮೋಸ ಇಲ್ಲ ಅಂತ ತಿಳ್ಕೋಬ್ಯಾಡ್ರಿ, ಈ ಮೋಸದ ಸ್ವಭಾವಾನ ಹಂಗ ಐತಿ, ಮೋಸ ಹೋದವರಿಗೆ ಕಡೀತನಕ ತಿಳಿಯಂಗಿಲ್ಲ.

ಈ ಮಾಲು ಹಳ್ಳಿಗೆ ಯಾಕ ಬರ್ತೈತಿ ಅನ್ನೋದೂ ಹೇಳ್ತೀನಿ, ಯಾಕಂದ್ರ ಇದನ್ನ ಅಂಗಡಿಯವರು ಯಾರೂ ಬಾಯಿಬಿಟ್ಟು ಹೇಳಂಗಿಲ್ಲ. ಹೆಸರುವಾಸಿ ಕಂಪನಿ ಮಾಲಿನ್ಯಾಗ ಸಣ್ಣ ಅಂಗಡಿಯವಗ ಸಿಗೋ ಮಾರ್ಜಿನ್ ಭಾಳ ಕಡಿಮಿ, ರೊಕ್ಕ ಮುಂಗಡ ಕೊಡ್ಬೇಕು, ಹಳೇ ಮಾಲು ವಾಪಸ್ ತಗೊಳ್ಳೋದು ಅಷ್ಟಕ್ಕಷ್ಟೇ. ಒಂದಕ್ಷರ ಬದಲಿಯ ಮಾಲು ತರೋ ಸೇಲ್ಸ್‌ಮನ್ ಬೈಕ್ ಮ್ಯಾಲೆ ಬರ್ತಾನ, ಬಿಲ್ ಕೇಳಿದ್ರ "ಬಿಲ್ ಯಾಕ್ರಿ ಅಣ್ಣಾರ, ಹಂಗ ಇಟ್ಕೊಳ್ರಿ, ಮಾರಾಟ ಆದ್ಮ್ಯಾಲೆ ರೊಕ್ಕ ಕೊಡ್ರಿ, ಒಂದು ಪಾಕೀಟಿಗೆ ಎರಡರಷ್ಟು ಉಳೀತೈತಿ" ಅಂತಾನ. ನಾನು ಬ್ಯಾಡ ಅಂದ್ರ ಎದುರಿನ ಅಂಗಡ್ಯಾಗ ಇಳಿಸಿ ಹೋಗ್ತಾನ. ಉದ್ರಿ ಲೆಕ್ಕದಾಗ ಮುಳುಗಿರೋ ಸಣ್ಣ ವ್ಯಾಪಾರಸ್ಥಗ ಈ ಆಸೆ ತಡಕೊಳ್ಳೋದು ಸುಮ್ನ ಅಲ್ಲ. ಅದಕ್ಕ ನನ್ನ ಮೊದಲನೇ ವಿನಂತಿ ಏನಂದ್ರ, ರೇಡ್ ಅಂತ ಬಂದು ಹಳ್ಳಿ ಅಂಗಡ್ಯಾಗ ಹತ್ತು ಪಾಕೀಟು ಜಪ್ತಿ ಮಾಡಿ ಫೋಟೋ ಹೊಡಸ್ಕೊಂಡು ಹೋಗೋದ್ರಿಂದ ಏನೂ ಆಗಂಗಿಲ್ಲ. ಮಾಲು ಎಲ್ಲಿಂದ ಬಂತು, ಯಾರ ಗೋದಾಮಿನ್ಯಾಗ ಇಳೀತು, ಪಾಕೀಟಿನ ಕವರ್ ಯಾರು ಪ್ರಿಂಟ್ ಮಾಡಿದ್ರು ಅಂತ ಬುಡಕ್ಕ ಹೋಗ್ಬೇಕು.

ಈ ವಿಷಯ ತಗೊಂಡು ನಾನು ಒಂದು ಸರ್ಕಾರಿ ಕಚೇರಿಗೆ ಹೋಗಿದ್ದೆ. ಯಾವ ಕಚೇರಿ, ಯಾರು ಅಂತ ಹೇಳೋದು ಬ್ಯಾಡ, ಅವರ ಮರ್ಯಾದಿ ತಗಿಯೋದು ನನ್ನ ಉದ್ದೇಶ ಅಲ್ಲ. ಅಲ್ಲಿದ್ದವರು ಸೌಜನ್ಯದಿಂದಾನ ಮಾತಾಡಿದ್ರು, ಆದ್ರ ಹೇಳಿದ್ದು ಇಷ್ಟು: "ಇದು ಟ್ರೇಡ್‌ಮಾರ್ಕ್ ಮ್ಯಾಟರ್ ರೀ, ಕಂಪನಿ ಕಂಪನಿ ನಡುವಿನ ಜಗಳ, ಅವರು ಕೋರ್ಟಿಗೆ ಹೋಗ್ಲಿ, ನಿಮಗ್ಯಾಕ?" ಈ ಮಾತನ್ನ ನಾನು ಪೂರಾ ಒಪ್ಪಂಗಿಲ್ಲ, ಈ ಪತ್ರದ ಮುಖ್ಯ ಮಾತೂ ಅದೇ.

ಟ್ರೇಡ್‌ಮಾರ್ಕ್ ಅನ್ನೋದು, ಅಂದ್ರ ಮಾಲಿನ ಹೆಸರು, ಗುರುತು, ಮಾಲೀಕನ ಆಸ್ತಿ, ಖರೇ. 1999ರ ಟ್ರೇಡ್‌ಮಾರ್ಕ್ ಕಾಯ್ದೆ 2003ರ ಸೆಪ್ಟೆಂಬರಿನಿಂದ ಜಾರಿ ಆಗೈತಿ, ಅದರ ಪ್ರಕಾರ ಹೆಸರು ನೋಂದಣಿ ಮಾಡಿಸಿದ್ರ ಹತ್ತು ವರ್ಷದ ಹಕ್ಕು, ಆಮ್ಯಾಲೆ ನವೀಕರಣ. ಆದ್ರ ಒಬ್ಬ ಇನ್ನೊಬ್ಬನ ಗುರುತು ಕದ್ದಾನೋ ಇಲ್ಲೋ ಅಂತ ತೀರ್ಮಾನ ಮಾಡೋವಾಗ ಕೋರ್ಟು ನೋಡೋದು ಯಾರನ್ನ? ಕೊಳ್ಳೋ ಮನುಷ್ಯಾನ್ನ. ಅವ ಗೊಂದಲಕ್ಕ ಬೀಳ್ತಾನೋ ಇಲ್ಲೋ ಅಂತ. ಅಮೃತಧಾರಾ ಅನ್ನೋ ಔಷಧದವರು ಲಕ್ಷ್ಮಣಧಾರಾ ಅನ್ನೋ ಹೆಸರಿಗೆ ತಕರಾರು ತಗದ ಪ್ರಕರಣದಾಗ ಸುಪ್ರೀಂ ಕೋರ್ಟು 1962ರಾಗ ಇದನ್ನ ಬಿಡಿಸಿ ಹೇಳೈತಿ. ಕೊಳ್ಳೋನು ಸಾಧಾರಣ ತಿಳುವಳಿಕಿಯವ, ಹಿಂದ ತಗೊಂಡ ಮಾಲಿನ ನೆನಪು ಅವಗ ಅರ್ಧಮರ್ಧ ಇರ್ತೈತಿ, ಅವ ಹೆಸರನ್ನ ಒಡದು ಅರ್ಥ ಹುಡುಕ್ಕೋತ ಕುಂದ್ರಂಗಿಲ್ಲ, ಒಟ್ಟಾರೆ ಕಿವಿಗೆ ಹೆಂಗ ಕೇಳ್ತೈತಿ, ಕಣ್ಣಿಗೆ ಹೆಂಗ ಕಾಣ್ತೈತಿ ಅನ್ನೋದರ ಮ್ಯಾಲೆ ತಗೊಂತಾನ ಅಂತ. ನಮ್ಮ ಓಣಿಯ ಆಯೀನ್ನ ನೋಡೇ ಬರದಂಗ ಐತಿ ಆ ಮಾತು.

ಇನ್ನೊಂದು ಪ್ರಕರಣ ನಮ್ಮ ರಾಜ್ಯದ್ದೇ. ಪಾರ್ಲೆ ಕಂಪನಿ ಮತ್ತು ಮೈಸೂರಿನ ಒಂದು ಬಿಸ್ಕೀಟು ಕಂಪನಿ ನಡುವಿಂದು, 1972ರಾಗ ಸುಪ್ರೀಂ ಕೋರ್ಟಿನ್ಯಾಗ ತೀರ್ಮಾನ ಆತು. ಪಾರ್ಲೆ ರ‍್ಯಾಪರಿನ ಮ್ಯಾಲೆ ಹೊಲದ ಮನಿ, ನಡುವ ನೀರಿನ ಬಕೀಟು ಹಿಡ್ಕೊಂಡ ಹುಡುಗಿ, ಸುತ್ತ ಆಕಳ, ಕೋಳಿ. ಮೈಸೂರಿನವರ ರ‍್ಯಾಪರಿನ ಮ್ಯಾಲೂ ಹುಡುಗಿ, ಆಕಳ, ಕೋಳಿ, ಆದ್ರ ಈ ಹುಡುಗಿ ತಲಿ ಮ್ಯಾಲೆ ಹುಲ್ಲಿನ ಹೊರಿ, ಕೈಯಾಗ ಕುಡಗೋಲು. ಕೆಳಗಿನ ಕೋರ್ಟುಗಳು, ಆಗಿನ ಮೈಸೂರು ಹೈಕೋರ್ಟು ಸೈತ, ಎರಡಕ್ಕೂ ಫರಕ್ ಐತಿ ಅಂತ ಪಾರ್ಲೆ ದಾವಾ ವಜಾ ಮಾಡಿದ್ವು. ಸುಪ್ರೀಂ ಕೋರ್ಟು ತಿರುವಿ ಹಾಕ್ತು. ಎರಡೂ ಪಾಕೀಟು ಬಾಜೂ ಬಾಜೂ ಇಟ್ಟು ವ್ಯತ್ಯಾಸ ಎಣಸೋದಲ್ಲ, ಇವತ್ತು ಒಂದನ್ನ ನೋಡಿದವ ಇನ್ನೊಂದು ದಿನ ಎರಡನೇದು ಕೈಗೆ ಬಂದ್ರ ಅದೇ ಅಂತ ತಗೊಳ್ಳೋ ಹಂಗ ಐತೋ ಇಲ್ಲೋ ಅನ್ನೋದು ಮುಖ್ಯ ಅಂತ ಹೇಳ್ತು. ಅಂಗಡ್ಯಾಗ ಕುಂತವರಿಗೆ ಈ ಮಾತು ಎಷ್ಟು ಖರೇ ಐತಿ ಅಂತ ಗೊತ್ತಾಗ್ತೈತಿ, ಯಾಕಂದ್ರ ಯಾವ ಗಿರಾಕೀನೂ ಹಳೇ ಪಾಕೀಟು ಕೈಯಾಗ ಹಿಡ್ಕೊಂಡು ಹೊಸಾದು ಕೊಳ್ಳಾಕ ಬರಂಗಿಲ್ಲ.

2001ರಾಗ ಕ್ಯಾಡಿಲಾ ಹೆಸರಿನ ಎರಡು ಔಷಧ ಕಂಪನಿಗಳ ನಡುವ, ಫಾಲ್ಸಿಗೊ ಮತ್ತು ಫಾಲ್ಸಿಟ್ಯಾಬ್ ಅನ್ನೋ ಮಲೇರಿಯಾ ಔಷಧದ ಹೆಸರಿನ ಬಗ್ಗೆ ಬಂದ ಪ್ರಕರಣದಾಗ ಕೋರ್ಟು ಇನ್ನೂ ಮುಂದ ಹೋತು. ನಮ್ಮ ದೇಶದಾಗ ಎಲ್ಲಾರಿಗೂ ಒಂದೇ ಭಾಷಾ ಇಲ್ಲ, ಓದಾಕ ಬಾರದವರು ಭಾಳ ಮಂದಿ ಅದಾರ, ಇಂಗ್ಲಿಷ್ ಬಲ್ಲವರು ಸ್ವಲ್ಪ ಜನ, ಇದನ್ನ ಲೆಕ್ಕಕ್ಕ ಹಿಡೀಬೇಕು, ಔಷಧದ ಸಂಗತಿ ಬಂದ್ರಂತೂ ಇನ್ನೂ ಬಿಗಿಯಾಗಿ ನೋಡ್ಬೇಕು ಅಂತ. ಹಿಂಗ ದೇಶದ ದೊಡ್ಡ ಕೋರ್ಟು ಹತ್ತಾರು ವರ್ಷದಿಂದ ನಮ್ಮಂಥ ಹಳ್ಳಿ ಗಿರಾಕಿಯನ್ನೇ ಅಳತಿಗೋಲು ಮಾಡ್ಕೊಂಡು ತೀರ್ಪು ಕೊಟ್ಕೋತ ಬಂದೈತಿ. ಆದ್ರ ಆ ಗಿರಾಕಿಗೆ ಆ ಕೋರ್ಟಿನ್ಯಾಗ ಕುರ್ಚಿ ಇಲ್ಲ. ದಾವಾ ಹಾಕೋದು ಕಂಪನಿ, ಪರಿಹಾರ ತಗೊಳ್ಳೋದು ಕಂಪನಿ, ಇಲ್ಲಾ ನಡುವ ರಾಜಿ ಆಗಿ ಎದ್ದು ಹೋಗೋದೂ ಅವರೇ. 50 ಗ್ರಾಂ ಕಡಿಮಿ ಚಾಪುಡಿ ಕುಡದವರಿಗೆ ಏನೂ ಇಲ್ಲ.

ಕಂಪನಿಯವರು ದಾವಾ ಹಾಕ್ತಾರ ಅಂತ ಕಾಯ್ಕೋತ ಕುಂತ್ರೂ ಆಗಂಗಿಲ್ಲ. ಮುಂಬೈಯಾಗ, ದಿಲ್ಲಿಯಾಗ ಕುಂತವರಿಗೆ ನಮ್ಮ ಸಂತ್ಯಾಗ ಮಾರೋ ಒಂದು ಚೀಲ ಚಾಪುಡಿ ಯಾವ ಲೆಕ್ಕ? ಪೊಲೀಸರ ದಾರಿಯೂ ಉದ್ದ ಐತಿ. ಟ್ರೇಡ್‌ಮಾರ್ಕ್ ಕಾಯ್ದೆಯ ಕಲಂ 103ರಾಗ ಮೋಸ ಮಾಡೋ ಹಂಗ ಹೋಲುವ ಗುರುತು ಹಚ್ಚಿದವರಿಗೆ ಆರು ತಿಂಗಳಿಂದ ಮೂರು ವರ್ಷದ ತನಕ ಜೈಲು, 50 ಸಾವಿರದಿಂದ 2 ಲಕ್ಷದ ತನಕ ದಂಡ ಅಂತ ಐತಿ. ಆದ್ರ ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರು ವಾರಂಟ್ ಇಲ್ದ ತಪಾಸಣೆ ಮಾಡಂಗಿಲ್ಲ, ಅವರೂ ಮೊದ್ಲು ಟ್ರೇಡ್‌ಮಾರ್ಕ್ ರಿಜಿಸ್ಟ್ರಾರ್ ಅಭಿಪ್ರಾಯ ತಗೋಬೇಕು, ಕರ್ನಾಟಕಕ್ಕ ಸಂಬಂಧಪಟ್ಟ ರಿಜಿಸ್ಟ್ರಿ ಇರೋದು ಚೆನ್ನೈನಾಗ. ಅಲ್ಲಿಂದ ಅಭಿಪ್ರಾಯ ಬರೋದ್ರೊಳಗ ಇಲ್ಲಿ ಮಾಲು ಖಾಲಿ ಆಗಿ ಹೊಸ ಹೆಸರಿನ ಪಾಕೀಟು ಬಂದಿರ್ತೈತಿ.

ಇಲ್ಲೊಂದು ಮಾತು ಸ್ಪಷ್ಟ ಮಾಡ್ತೀನಿ, ಯಾಕಂದ್ರ ನನ್ನ ಮಾತು ಕೇಳಿದ ಕೆಲವರು "ನೀ ದೊಡ್ಡ ಕಂಪನಿಗಳ ಪರ ಮಾತಾಡಾಕತ್ತಿ" ಅಂದಾರ. ಇಲ್ಲ. ಕಡಿಮಿ ರೇಟಿನ ಲೋಕಲ್ ಮಾಲು ನನ್ನ ಅಂಗಡ್ಯಾಗೂ ಐತಿ, ಹುಬ್ಬಳ್ಳಿ, ಗದಗ, ಹಾವೇರಿಯೊಳಗ ತಯಾರಾದ ಚಲೋ ಚಲೋ ಮಸಾಲಿ, ಚಾಪುಡಿ, ಊದಿನಕಡ್ಡಿ ಅವರದೇ ಸ್ವಂತ ಹೆಸರಿನ ಮ್ಯಾಲೆ ಬರ್ತಾವ, ಗಿರಾಕಿ ಖುಷೀಲೆ ತಗೊಂತಾರ. ಹೆಸರು ಒಂದೇ ನಮೂನಿ ಇದ್ದಲ್ಲೆಲ್ಲಾ ಮೋಸ ಐತಿ ಅಂತಾನೂ ನಾನು ಹೇಳಂಗಿಲ್ಲ. ನಮ್ಮ ಕೆಎಂಎಫ್‌ನ ನಂದಿನಿ 1985ರಿಂದ ಐತಿ, ನಂದಿನಿ ಡಿಲಕ್ಸ್ ಅನ್ನೋ ಹೋಟೆಲಿನವರು 1989ರಿಂದ ಆ ಹೆಸರು ಬಳಸ್ಕೋತ ಬಂದಾರ. ಆ ಜಗಳ ಸುಪ್ರೀಂ ಕೋರ್ಟಿನ ತನಕ ಹೋಗಿ 2018ರಾಗ ಹೋಟೆಲಿನವರ ಪರ ತೀರ್ಪು ಬಂತು. ಒಬ್ಬರದು ಹಾಲು, ಇನ್ನೊಬ್ಬರದು ಹೋಟೆಲ್, ಒಬ್ಬರ ಗುರುತಿನ್ಯಾಗ ಆಕಳ, ಇನ್ನೊಬ್ಬರದರಾಗ ದೀಪ, ಊಟಕ್ಕ ಹೋದವ ಹಾಲಿನ ಡೇರಿ ಅಂತ ತಿಳ್ಕೊಳ್ಳಂಗಿಲ್ಲ ಅಂತ. ನನಗ ಆ ತೀರ್ಪು ಬರೋಬ್ಬರಿ ಅನಸ್ತೈತಿ. ಧಾರವಾಡ ಪೇಡಾನೂ ಹಂಗ. 2007ರಾಗ ಅದಕ್ಕ ಜಿಐ, ಅಂದ್ರ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ತು, ಆ ಹೆಸರು ಊರಿಂದು, ಒಬ್ಬರ ಜೇಬಿಂದಲ್ಲ. ಠಾಕೂರ್ ಪೇಡಾ, ಮಿಶ್ರಾ ಪೇಡಾ ಅಂತ ಎಲ್ಲಾರೂ ತಮ್ಮ ತಮ್ಮ ಹೆಸರು ದೊಡ್ಡದಾಗಿ ಬರದು ಮಾರ್ತಾರ, ಕೊಳ್ಳೋರಿಗೆ ಯಾರದು ತಗೊಂಡೀವಿ ಅಂತ ಗೊತ್ತಿರ್ತೈತಿ. ನನ್ನ ತಕರಾರು ಇರೋದು ಯಾರದು ಅಂತ ಗೊತ್ತಾಗಬಾರದು ಅಂತಾನ ಪಾಕೀಟು ಮಾಡಸೋರ ಮ್ಯಾಲೆ.

ಇದು ಬರೇ ಚಾಪುಡಿ ಮಟ್ಟಕ್ಕ ನಿಂತಿದ್ರ ನಾನು ಇಷ್ಟು ಬರೀತಿದ್ದಿಲ್ಲ. ನಮ್ಮ ಕಡೆ ಬ್ಯಾಡಗಿ ಮೆಣಸಿನಕಾಯಿ ಬೆಳೀತಾರ, ಬ್ಯಾಡಗಿ ಮೆಣಸಿನಕಾಯಿಗೂ 2011ರಾಗ ಜಿಐ ಸಿಕ್ಕೈತಿ, ಬಣ್ಣ ಭಾಳ, ಖಾರ ಕಡಿಮಿ, ಅದಕ್ಕ ಅದರ ಹೆಸರು ದೇಶಾ ತುಂಬ. ಆ ಬೆಳಿಗೆ ಥ್ರಿಪ್ಸ್ ಹುಳ ಬಿದ್ದು ಎಲಿ ಮುದುಡಾಕ ಹತ್ತಿದ್ರ ರೈತ ಓಡಿ ಹೋಗಿ ಔಷಧ ತರ್ತಾನ. ನಮ್ಮ ಊರಿನ ಕಾಕಾ ಒಬ್ಬರು ಉದ್ರಿ ಮಾಡಿ ತಂದ ಔಷಧ ಹೊಡದ್ರು, ಮತ್ತ ಹೊಡದ್ರು, ಹುಳ ಸಾಯ್ಲಿಲ್ಲ. ಬಾಟ್ಲಿ ನೋಡಿದ್ರ ಅದೇ ಹಸರು ಬಾಟ್ಲಿ, ಅದೇ ಮುಚ್ಚಳ, ಹೆಸರಿನ ಮೊದಲನೇ ಅರ್ಧ ಅದೇ, ಹಿಂದಿನ ಅರ್ಧ ಬ್ಯಾರೆ. ಒಳಗಿನ ಔಷಧದ ಹೆಸರಂತೂ ಬೂದಗಾಜು ಹಿಡದು ಓದಬೇಕು, ಹಂಗ ಬರದಿದ್ರು. ಆ ಎರಡು ವಾರದಾಗ ಗಿಡ ಸುಕ್ಕಟೆ ಆಗಿ ಹೂವ ಉದುರಿ ಹೋದ್ವು. ಚಾಪುಡಿ ಕೆಟ್ಟದ್ದು ಬಂದ್ರ ಮುಂದಿನ ವಾರ ಬ್ಯಾರೆ ತರಬಹುದು, ಹೂವು ಉದುರಿದ ಬೆಳಿ ಆ ವರ್ಷಕ್ಕ ಮುಗೀತು. ಬೀಜದ ಪಾಕೀಟಿಗೂ ಇದೇ ಹಾಡು.

ಇನ್ನೊಂದು ಕಥಿ ಉಲ್ಟಾ ಐತಿ. ನಮ್ಮ ಊರ ಹತ್ರ ಅಕ್ಕಾರು ಒಬ್ಬರು ತಮ್ಮ ಸ್ವಸಹಾಯ ಸಂಘದ ಹೆಣ್ಮಕ್ಳನ್ನ ಕಟ್ಕೊಂಡು ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಮಾಡ್ತಾರ. ತಮ್ಮ ಅತ್ತೀ ಹೆಸರು ಇಟ್ಟು, ಒಲಿ ಮುಂದ ಕುಂತ ಹೆಣ್ಮಗಳ ಚಿತ್ರದ ಚೀಟಿ ಹಚ್ಚಿ, ಹುಬ್ಬಳ್ಳಿ ಅಂಗಡಿಗಳಿಗೆ ಕೊಟ್ಕೋತ ಕೊಟ್ಕೋತ ಒಂದು ಹೆಸರು ಮಾಡಿದ್ರು. ಯಾವಾಗ ಮಾಲು ಓಡಾಕ ಹತ್ತಿತೋ ಆವಾಗ ಎಲ್ಲಿಂದಲೋ ಒಂದು ಮಷೀನ್ ರೊಟ್ಟಿ ಬಂತು, ಅದೇ ಒಲಿ, ಅದೇ ಹೆಣ್ಮಗಳು, ಹೆಸರಿನ ಮುಂದ "ನ್ಯೂ" ಅಂತ ಸೇರಿಸಿದ್ರು ಅಷ್ಟೇ. ಗಿರಾಕಿ ಮೆತ್ತಗಾದ ರೊಟ್ಟಿ ತಗೊಂಡು ಬಂದು ಅಂಗಡಿಯವಗ ಬೈದ್ರು, ಅಂಗಡಿಯವ ಅಕ್ಕಾರ ಆರ್ಡರ್ ಕಡಿಮಿ ಮಾಡಿದ. ಅಕ್ಕಾರು ಹೆಸರು ನೋಂದಣಿ ಮಾಡಿಸಿರ್ಲಿಲ್ಲ. ನೋಂದಣಿ ಇಲ್ದಿದ್ರೂ ಮೊದಲಿಂದ ಬಳಸ್ಕೋತ ಬಂದವರ ಹಕ್ಕು ಕಾಯ್ದೆಯೊಳಗ ಉಳದೈತಿ, ಜಿಲ್ಲಾ ಕೋರ್ಟಿನ್ಯಾಗ ದಾವಾ ಹಾಕಬಹುದು, ಆದ್ರ ರೊಟ್ಟಿ ಬಡಿಯೋ ಹೆಣ್ಮಕ್ಳು ವಕೀಲರ ಫೀ ಎಲ್ಲಿಂದ ತರ್ಬೇಕು? ಸಣ್ಣ ಉದ್ದಿಮೆಯವರಿಗೆ ಆನ್‌ಲೈನ್ ನೋಂದಣಿ ಫೀ ಮಾಲಿನ ಒಂದು ವರ್ಗಕ್ಕ 4,500 ರೂಪಾಯಿ. ಆ ಮಾಹಿತಿನೇ ಅವರಿಗೆ ಯಾರೂ ಹೇಳಿದ್ದಿಲ್ಲ. ಅರ್ಜಿ ಇಂಗ್ಲಿಷ್ ಇಲ್ಲಾ ಹಿಂದಿಯಾಗ, ಅರ್ಜಿಗಳನ್ನ ಪ್ರಕಟಿಸೋ ಟ್ರೇಡ್‌ಮಾರ್ಕ್ ಜರ್ನಲ್ ಇಂಗ್ಲಿಷಿನ್ಯಾಗ, ಅದರಾಗ ಬ್ಯಾರೆಯವರು ನಿಮ್ಮ ಹೆಸರಿನಂಥ ಹೆಸರಿಗೆ ಅರ್ಜಿ ಹಾಕ್ಯಾರ ಅಂತ ಪ್ರಕಟ ಆದ್ರ ನಾಲ್ಕು ತಿಂಗಳೊಳಗ ಆಕ್ಷೇಪ ಸಲ್ಲಸ್ಬೇಕು. ಗೊತ್ತಾಗೋದರೆ ಹೆಂಗ?

ಈಗ ಜಿಲ್ಲಾಧಿಕಾರಿಗಳಿಗೆ ನೇರವಾಗಿ ಕೇಳ್ತೀನಿ. ಇದು ಕಂಪನಿಗಳ ಜಗಳ ಅನ್ನೋ ಮಾತನ್ನ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಒಪ್ಪಂಗಿಲ್ಲ. ಅದರ ಕಲಂ 16ರ ಪ್ರಕಾರ ಒಟ್ಟಾರೆ ಗ್ರಾಹಕ ವರ್ಗದ ಹಕ್ಕಿಗೆ ಧಕ್ಕಿ ಬಂದೈತಿ ಅಂತ ದೂರು ಬಂದ್ರ ತಮ್ಮ ವ್ಯಾಪ್ತಿಯೊಳಗ ವಿಚಾರಣೆ ಮಾಡಿ, ತನಿಖೆ ಮಾಡಿ, ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕ ವರದಿ ಕಳಸೋ ಅಧಿಕಾರ ಜಿಲ್ಲಾಧಿಕಾರಿಗಳಿಗೆ ಐತಿ. ಹಳ್ಳಿ ಆಯಿಗೆ ಸುಪ್ರೀಂ ಕೋರ್ಟಿನ್ಯಾಗ ಸಿಗದ ಕುರ್ಚಿ ಕಾಯ್ದೆ ನಿಮ್ಮ ಕಚೇರಿಯೊಳಗ ಹಾಕಿ ಕೊಟ್ಟೈತಿ ಅಂತ ನಾನು ತಿಳ್ಕೊಂಡೀನಿ. ಅದೇ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಸಂರಕ್ಷಣಾ ಪರಿಷತ್ತಿಗೆ ಅಧ್ಯಕ್ಷರು ನೀವೇ, ಅದು ವರ್ಷಕ್ಕ ಕಡಿಮಿ ಅಂದ್ರೂ ಎರಡು ಸಲ ಸೇರಬೇಕು. ಮುಂದಿನ ಸಭೆಯೊಳಗ ಈ ವಿಷಯ ಇಡ್ರಿ, ಹಳ್ಳಿ ಅಂಗಡಿಯವರನ್ನ, ಸಂತ್ಯಾಗ ಮಾರೋರನ್ನ, ಸ್ವಸಹಾಯ ಸಂಘದ ಹೆಣ್ಮಕ್ಳನ್ನ ಕರೀರಿ.

ತಿನ್ನೋ ಪದಾರ್ಥದ ಬಗ್ಗೆಯಂತೂ ಟ್ರೇಡ್‌ಮಾರ್ಕ್ ಕಾಯ್ದೆ ತನಕ ಹೋಗೋದೇ ಬ್ಯಾಡ. 2006ರ ಆಹಾರ ಸುರಕ್ಷತಾ ಕಾಯ್ದೆಯ ಪ್ರಕಾರ ಇನ್ನೊಂದು ಪದಾರ್ಥದ ಹೆಸರಿನ ಮ್ಯಾಲೆ ಮಾರೋದು, ಮೋಸ ಆಗೋ ಹಂಗ ಅದನ್ನ ಹೋಲೋದು, ಲೇಬಲ್ ಮ್ಯಾಲೆ ದಾರಿ ತಪ್ಪಿಸೋ ಮಾತು ಬರಿಯೋದು ಮಿಸ್‌ಬ್ರ್ಯಾಂಡೆಡ್ ಲೆಕ್ಕಕ್ಕ ಬರ್ತೈತಿ, ಕಲಂ 52ರ ಅಡಿ 3 ಲಕ್ಷದ ತನಕ ದಂಡ ಹಾಕಬಹುದು, ಆ ದಂಡ ತೀರ್ಮಾನ ಮಾಡೋದು ಅಪರ ಜಿಲ್ಲಾ ಮ್ಯಾಜಿಸ್ಟ್ರೇಟ್ ದರ್ಜೆಗಿಂತ ಕಡಿಮಿ ಇಲ್ಲದ ಅಧಿಕಾರಿ. ಅಂದ್ರ ಚೆನ್ನೈಗೂ ಹೋಗೋದು ಬ್ಯಾಡ, ದಿಲ್ಲಿಗೂ ಹೋಗೋದು ಬ್ಯಾಡ, ಎಲ್ಲಾ ಇಲ್ಲೇ ಐತಿ. ತೂಕ, ಎಂಆರ್‌ಪಿ, ತಯಾರಕರ ವಿಳಾಸ ಸ್ಪಷ್ಟವಾಗಿ ಕಾಣಬೇಕು ಅನ್ನೋದು 2011ರ ಪ್ಯಾಕೇಜ್ಡ್ ಕಮಾಡಿಟೀಸ್ ನಿಯಮದಾಗ ಐತಿ, ಮಡಚಿನೊಳಗ ಮುಚ್ಚಿಟ್ಟ ತೂಕವನ್ನ ತೂಕ ಅಳತಿ ಇಲಾಖೆಯವರು ಹಿಡೀಬಹುದು. ಎರಡೂ ಇಲಾಖೆಯವರು ಕೂಡಿ ಹುಬ್ಬಳ್ಳಿಯ ಗೋದಾಮುಗಳಿಂದ ಶುರು ಮಾಡ್ಲಿ, ಬಿಲ್ ಸರಪಳಿ ಹಿಡಕೊಂಡು ಹೋಗ್ಲಿ. ಔಷಧ ಬಾಟ್ಲಿ, ಬೀಜದ ಪಾಕೀಟಿನ ಸಲುವಾಗಿ ಕೃಷಿ ಇಲಾಖೆಯವರು ಬಿತ್ತನಿಗಿಂತ ಮುಂಚೆ ಇದೇ ಕೆಲಸ ಮಾಡ್ಲಿ, ಬೆಳಿ ಹೋದ್ಮ್ಯಾಲೆ ಅಲ್ಲ.

ಇದರ ಜೋಡಿ ಸಂತಿ ನಡಿಯೋ ಜಾಗದಾಗ, ರೈತ ಸಂಪರ್ಕ ಕೇಂದ್ರದಾಗ, ಪಂಚಾಯ್ತಿ ಕಟ್ಟಿ ಹತ್ರ ಖರೇ ಪಾಕೀಟು ಮತ್ತು ಹೋಲೋ ಪಾಕೀಟು ಎರಡರ ಫೋಟೋ ದೊಡ್ಡದಾಗಿ ಹಚ್ಚಿಸ್ರಿ, ಕೆಳಗ 1915 ಅನ್ನೋ ಗ್ರಾಹಕ ಸಹಾಯವಾಣಿ ನಂಬರ್ ಕನ್ನಡ ಅಂಕಿಯೊಳಗೂ ಬರಸ್ರಿ. ಓದಾಕ ಬರದವರೂ ಫೋಟೋ ನೋಡಿ ತಿಳ್ಕೊಂತಾರ. ಹಂಗ ಜಿಲ್ಲಾ ಕೈಗಾರಿಕಾ ಕೇಂದ್ರದಾಗ ವಾರಕ್ಕ ಒಂದು ದಿನ ಆದ್ರೂ ಹೆಸರು ನೋಂದಣಿಗೆ ಕನ್ನಡದಾಗ ಸಹಾಯ ಮಾಡೋ ಒಬ್ಬರನ್ನ ಕುಂದ್ರಸ್ರಿ. ನಮ್ಮ ಜಿಲ್ಲಾದ ಹೆಣ್ಮಕ್ಳ ರೊಟ್ಟಿ ಚಟ್ನಿ ಹೆಸರು ಅವರ ಕೈಯಾಗೇ ಉಳೀಬೇಕಂದ್ರ ಇದು ಬೇಕೇ ಬೇಕು.

ಹುಬ್ಬಳ್ಳಿಯ ಹೋಲ್‌ಸೇಲ್ ವ್ಯಾಪಾರಸ್ಥರಿಗೆ ಎರಡು ಮಾತು. ನಾವು ಹಳ್ಳಿಯವರು ನಿಮ್ಮನ್ನ ನಂಬಿ ಮಾಲು ತಗೊಂತೀವಿ, ನಿಮ್ಮ ಹಿರಿಯರು ನಮ್ಮ ಹಿರಿಯರಿಗೆ ಚೀಟಿ ಮ್ಯಾಲೆ ಮಾಲು ಕೊಟ್ಟು ವ್ಯಾಪಾರ ಕಲಿಸ್ಯಾರ, ಆ ಸಂಬಂಧಕ್ಕ ನನಗ ಗೌರವ ಐತಿ. ನಿಮ್ಮೊಳಗ ಬಹಳ ಮಂದಿ ಈ ಮಾಲು ಮುಟ್ಟಂಗಿಲ್ಲ ಅನ್ನೋದೂ ಗೊತ್ತು. ಮುಟ್ಟೋರು ಯಾರು ಅನ್ನೋದೂ ನಿಮಗ ನನಗಿಂತ ಚಲೋ ಗೊತ್ತೈತಿ. ನಿಮ್ಮ ಸಂಘದ ಸಭೆಯೊಳಗ ಅವರನ್ನ ಕುಂದ್ರಿಸಿ ಕೇಳ್ರಿ, ಬಿಲ್ ಇಲ್ಲದ ಮಾಲು ಹಳ್ಳಿಗೆ ಕಳಸಬಾರ್ದು ಅಂತ ಒಂದು ಠರಾವು ಮಾಡ್ರಿ. ಕವರ್ ಪ್ರಿಂಟ್ ಮಾಡೋ ಪ್ರೆಸ್ಸಿನವರಿಗೂ ಹೇಳ್ತೀನಿ, ಕಲಂ 103ರೊಳಗ ಸುಳ್ಳು ಗುರುತಿನ ಬ್ಲಾಕು, ಪ್ಲೇಟು ಮಾಡೋದು, ಇಟ್ಕೊಳ್ಳೋದೂ ಅಪರಾಧ ಅಂತ ಐತಿ. ಡಿಸೈನ್ ತಂದು "ಇದರಂಗೇ ಮಾಡಿ ಕೊಡ್ರಿ, ಒಂದಕ್ಷರ ಬದಲಿ ಮಾಡ್ರಿ" ಅಂದವರಿಗೆ ಹೆಸರು ನಿಮ್ದೇನು, ಕಾಗದಪತ್ರ ತೋರಸ್ರಿ ಅಂತ ಕೇಳ್ರಿ. ಅಷ್ಟು ಕೇಳಿದ್ರ ಸಾಕು, ಅರ್ಧ ಮಂದಿ ಅಲ್ಲಿಂದಾನ ಎದ್ದು ಹೋಗ್ತಾರ.

ಜಿಲ್ಲಾಧಿಕಾರಿಗಳೇ, ಗ್ರಾಹಕ ಸಂರಕ್ಷಣಾ ಕಾಯ್ದೆಯ ಕಲಂ 17ರ ಅಡಿ ದೂರು ಅಂತ ಸ್ಪಷ್ಟವಾಗಿ ಬರದು ಈ ಪತ್ರದ ಪ್ರತಿ ನಿಮಗ ಕಳಿಸೀನಿ. ಅದಕ್ಕ ದಿನಾಂಕ ಹಾಕಿ ಸ್ವೀಕೃತಿ ಕೊಡಸ್ರಿ. ವಿಚಾರಣೆಗೆ ಕರದ್ರ ನಾನು ಬರ್ತೀನಿ, ನನ್ನ ಜೋಡಿ ಕುಂದಗೋಳ, ಲಕ್ಷ್ಮೇಶ್ವರ, ಶಿಗ್ಗಾಂವ ಕಡೆ ಅಂಗಡಿಯವರೂ ಬರಾಕ ತಯಾರ್ ಅದಾರ, ಗದಗ ಮತ್ತು ಹಾವೇರಿ ಜಿಲ್ಲಾಧಿಕಾರಿಗಳಿಗೂ ಇದೇ ಪತ್ರ ಅವರು ಕೊಡೋರದಾರ. ವಿಚಾರಣೆ ಆದ್ಮ್ಯಾಲೆ ವರದಿ ಯಾವಾಗ, ಯಾರಿಗೆ ಕಳಿಸಿದ್ರಿ ಅನ್ನೋದನ್ನ ಪಂಚಾಯ್ತಿಗಳ ನೋಟಿಸ್ ಬೋರ್ಡಿಗೆ ಹಚ್ಚಿಸ್ಬೇಕು ಅಂತ ಕೇಳ್ಕೊಳ್ತೀನಿ.

ಇಂತಿ ತಮ್ಮ ವಿಶ್ವಾಸಿ,
ಕುಂದಗೋಳ ತಾಲೂಕಿನ ಒಬ್ಬ ಕಿರಾಣಿ ವ್ಯಾಪಾರಸ್ಥ